ಮುಟ್ಟದಿದ್ದರೂ ಮುನಿಯುವ ರೋಬೋಟ್ ಗಿಡ: ದೋಷ ಹುಡುಕುವ ಕೈಪಿಡಿ

ಕೈ ತಾಗಿದರೆ ಎಲೆ ಮಡಚುವ ರೋಬೋಟ್ ಗಿಡ ಕಟ್ಟಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಯಾರೂ ಮುಟ್ಟದಿದ್ದರೂ ಮಡಚಿಕೊಳ್ಳುತ್ತದೆ. ಎಷ್ಟು ಮುಟ್ಟಿದರೂ ಸುಮ್ನೆ ನಿಂತಿರುತ್ತದೆ. ಇಲ್ಲವೇ ಅರ್ಧ ಮಡಚಿ ಗಡಗಡ ನಡುಗುತ್ತದೆ. ಜೊತೆಗೆ ಇನ್ನೊಂದು ಮಾತು ತಪ್ಪದೆ ಬರುತ್ತದೆ: "ಮನೆಯಲ್ಲಿ ಚೆನ್ನಾಗಿಯೇ ಇತ್ತು, ಪ್ರದರ್ಶನದ ಹಾಲ್‌ಗೆ ತಂದ ಮೇಲೆ ಹೀಗಾಯ್ತು."

ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಕೋಡ್ ಮನೆಯಲ್ಲೂ ಅದೇ, ಹಾಲ್‌ನಲ್ಲೂ ಅದೇ. ಬದಲಾಗಿರುವುದು ಅಡಾಪ್ಟರ್, ವೈರಿನ ಉದ್ದ, ಕಾಲ ಕೆಳಗಿನ ನೆಲ, ಗಾಳಿಯ ತೇವ ಮತ್ತು ಸುತ್ತ ನಿಂತ ಜನ. ಹೀಗಿರುವಾಗ ಲ್ಯಾಪ್‌ಟಾಪ್ ತೆರೆದು ಮೊದಲು ಕೋಡ್ ತಿದ್ದಲು ಕೂರುವುದು ಏಕೆ? ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇಲ್ಲಿ ಮಾದರಿಗೆ ಇಟ್ಟುಕೊಂಡಿರುವುದು ಮುಟ್ಟಿದರೆ ಮುನಿ ಗಿಡದ ರೋಬೋಟ್ ರೂಪ. ಆರು ಬಟ್ಟೆಯ ಎಲೆ, ಪ್ರತಿ ಎಲೆಯ ಅಡಿಯಲ್ಲಿ ತಾಮ್ರದ ಟೇಪ್. ಟೇಪ್‌ನಿಂದ ಹೊರಟ ವೈರ್ ಎಂಪಿಆರ್121 ಎಂಬ ಸ್ಪರ್ಶ ಸೆನ್ಸಾರ್‌ಗೆ ಹೋಗುತ್ತದೆ. ಎಲೆಗೊಂದು ಎಸ್‌ಜಿ90 ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್. ಅದು ನೈಲಾನ್ ದಾರ ಎಳೆದರೆ ಎಲೆ ಮಡಚುತ್ತದೆ, ದಾರ ಸಡಿಲ ಬಿಟ್ಟರೆ ಸ್ಪ್ರಿಂಗ್ ಎಲೆಯನ್ನು ಬಿಚ್ಚುತ್ತದೆ. ಎಲ್ಲವನ್ನೂ ನಡೆಸುವುದು ಒಂದು ಇಎಸ್‌ಪಿ32 ಬೋರ್ಡ್, ಅಂದರೆ ನಮ್ಮ ಕೋಡ್ ಓಡುವ ಪುಟ್ಟ ಕಂಪ್ಯೂಟರ್. ನಿಮ್ಮದು ಆರ್ಡುಯಿನೋ ಇರಬಹುದು, ಎಲೆ ಇಪ್ಪತ್ತು ಇರಬಹುದು. ಹುಡುಕುವ ದಾರಿ ಬದಲಾಗುವುದಿಲ್ಲ.

ಮೊದಲ ಕೆಲಸ: ಸರ್ವೋಗಳ ಕರೆಂಟ್ ತೆಗೆಯಿರಿ

ಗಿಡಕ್ಕೆ ಎರಡು ಕೆಲಸ. ಮುಟ್ಟಿದ್ದು ಗೊತ್ತಾಗಬೇಕು, ಗೊತ್ತಾದ ಮೇಲೆ ಅಲುಗಬೇಕು. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ದೋಷ ಯಾವ ಕಡೆ ಇದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಸರ್ವೋಗಳಿಗೆ ಹೋಗುವ ಪ್ಲಸ್ ವೈರ್ ಮಾತ್ರ ಬಿಚ್ಚಿ. ಸೆನ್ಸಾರ್ ಮತ್ತು ಇಎಸ್‌ಪಿ32 ಓಡುತ್ತಿರಲಿ.

ಈಗ ಸೆನ್ಸಾರ್ ಕೊಡುವ ಎರಡು ಅಂಕಿಗಳನ್ನು ಸೀರಿಯಲ್ ಪ್ಲಾಟರ್‌ನಲ್ಲಿ (ಬೋರ್ಡ್ ಕಳಿಸುವ ಅಂಕಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಮಾಡಿ ತೋರಿಸುವ ಕಿಟಕಿ) ಗೆರೆಯಾಗಿ ನೋಡಿ. ಒಂದು, ಈ ಕ್ಷಣದ ಅಳತೆ. ಇನ್ನೊಂದು ಬೇಸ್‌ಲೈನ್, ಅಂದರೆ ಯಾರೂ ಮುಟ್ಟದಿದ್ದಾಗ ಇಷ್ಟಿರಬೇಕು ಅಂತ ಚಿಪ್ ತಾನೇ ಲೆಕ್ಕ ಹಾಕಿಕೊಂಡದ್ದು. ಬೆರಳು ತಾಗಿದರೆ ಅಳತೆ ಬೇಸ್‌ಲೈನ್‌ಗಿಂತ ಕೆಳಗಿಳಿಯುತ್ತದೆ. ಹೆಚ್ಚಿನವರು ಬಳಸುವ ಲೈಬ್ರರಿಯಲ್ಲಿ ಈ ಇಳಿತ 12 ದಾಟಿದರೆ ಮುಟ್ಟಿದ ಹಾಗೆ, 6ಕ್ಕಿಂತ ಕಡಿಮೆಯಾದರೆ ಕೈ ತೆಗೆದ ಹಾಗೆ. ಮುಟ್ಟಿತು, ಬಿಟ್ಟಿತು ಅಂತ ಮಾತ್ರ ಪ್ರಿಂಟ್ ಮಾಡಿಸಿಕೊಂಡು ದೋಷ ಹುಡುಕಲು ಹೋಗಬೇಡಿ. ಗೆರೆ ನೋಡದೆ ಈ ಕೆಲಸ ಆಗುವುದಿಲ್ಲ.

ಗೆರೆ ಕಾಣುವ ಬಗೆಯಿಂದಲೇ ಬಹಳಷ್ಟು ಗೊತ್ತಾಗುತ್ತದೆ. ಎರಡು ಗೆರೆಯೂ ನೆಟ್ಟಗಿದ್ದು, ಬೆರಳಿಟ್ಟರೆ ನಾಲ್ಕೈದು ಅಂಕಿ ಮಾತ್ರ ಇಳಿದರೆ ಸೆನ್ಸಾರ್‌ಗೆ ಮುಟ್ಟಿದ್ದು ಸಾಲುತ್ತಿಲ್ಲ. ಯಾರೂ ಹತ್ತಿರ ಇಲ್ಲದಿದ್ದರೂ ಅಳತೆ ಹತ್ತಾರು ಅಂಕಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅಡಾಪ್ಟರ್ ಅಥವಾ ಅರ್ತಿಂಗ್ ಕಡೆ ನೋಡಿ. ಗಂಟೆಗಟ್ಟಲೆ ನಿಧಾನವಾಗಿ ಜಾರುತ್ತಿದ್ದರೆ ತೇವ ಅಥವಾ ಬಿಸಿ. ಅಂಕಿಯೇ ಬರದಿದ್ದರೆ ಐ2ಸಿ ವೈರ್, ಅಂದರೆ ಸೆನ್ಸಾರ್‌ನಿಂದ ಇಎಸ್‌ಪಿ32ಗೆ ಅಂಕಿ ಒಯ್ಯುವ ವೈರ್, ಬಿಟ್ಟಿದೆ. ಐ2ಸಿ ವಿಳಾಸ ಹುಡುಕುವ ಸ್ಕ್ಯಾನರ್ ಸ್ಕೆಚ್ ಎಂಬ ಪುಟ್ಟ ಕೋಡ್ ಓಡಿಸಿ, ಹೆಕ್ಸ್ (16ರ ಎಣಿಕೆಯ ಅಂಕಿ) 5ಎ ಇಂದ 5ಡಿ ಒಳಗೆ ಒಂದು ವಿಳಾಸ ಕಾಣಬೇಕು. ಕಾಣದಿದ್ದರೆ, ಮತ್ತು ನೀವು 5 ವೋಲ್ಟ್ ಆರ್ಡುಯಿನೋ ಬಳಸುತ್ತಿದ್ದರೆ, ಚಿಪ್ ಸುಟ್ಟಿರುವ ಸಾಧ್ಯತೆಯೂ ಇದೆ. ಎಂಪಿಆರ್121 ತಡೆಯುವುದು 3.6 ವೋಲ್ಟ್ ತನಕ ಮಾತ್ರ.

ಗೆರೆ ಚೆನ್ನಾಗಿದೆ, ಮುಟ್ಟಿದರೆ ಸರಿಯಾಗಿ ಇಳಿಯುತ್ತದೆ, ಬಿಟ್ಟರೆ ಏರುತ್ತದೆ ಅಂತಾದರೆ ಸರ್ವೋ ವೈರ್ ಮತ್ತೆ ಹಾಕಿ. ಈಗ ಮತ್ತೆ ಹುಚ್ಚಾಟ ಶುರುವಾಯಿತೇ? ಹಾಗಾದರೆ ಮುಂದಿನ ಭಾಗವನ್ನೇ ನಿಧಾನವಾಗಿ ಓದಿ. ಹಾಲ್‌ನಲ್ಲಿ ಕಾಣುವ ತೊಂದರೆಗಳಲ್ಲಿ ಇದೇ ಜಾಸ್ತಿ.

ಗಿಡ ತನ್ನನ್ನು ತಾನೇ ಮುಟ್ಟಿಕೊಳ್ಳುವುದು

ಸೆನ್ಸಾರ್ ಅಳೆಯುವುದು ಎಲೆಯ ಅಡಿಯ ತಾಮ್ರವನ್ನು ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಆ ಭೇದ ಗೊತ್ತಿಲ್ಲ. ತಾಮ್ರದ ಟೇಪ್, ಅಲ್ಲಿಂದ ಬರುವ ವೈರ್, ಬೆಸುಗೆ ಹಾಕಿದ ಜಾಗ, ಎಲ್ಲ ಸೇರಿ ಅದಕ್ಕೆ ಒಂದೇ ಎಲೆಕ್ಟ್ರೋಡ್. ಸುತ್ತಲಿನ ಲೋಹ ಅಥವಾ ಮೈ ಹತ್ತಿರ ಬಂದರೆ ಕೆಪಾಸಿಟನ್ಸ್ (ಎಲೆಕ್ಟ್ರೋಡ್ ವಿದ್ಯುದಂಶ ಹಿಡಿದಿಡುವ ಶಕ್ತಿ) ಏರುತ್ತದೆ, ಅಳತೆ ಇಳಿಯುತ್ತದೆ.

ಈಗ ಎಲೆ ಮಡಚಿದಾಗ ಏನಾಗುತ್ತದೆ ನೋಡಿ. ಎಲೆಯ ಜೊತೆ ವೈರ್ ಕೂಡ ಬಾಗುತ್ತದೆ, ಕಾಂಡದ ಕಬ್ಬಿಣದ ಪೈಪ್‌ಗೆ ಹತ್ತಿರವಾಗುತ್ತದೆ. ಅಳತೆ 12ಕ್ಕಿಂತ ಜಾಸ್ತಿ ಇಳಿಯುತ್ತದೆ. ಯಾರೋ ಮುಟ್ಟಿದರು ಅಂತ ಸೆನ್ಸಾರ್ ಹೇಳುತ್ತದೆ. ಕೋಡ್ ಎಲೆಯನ್ನು ಮಡಚಿಯೇ ಇಡುತ್ತದೆ, ಇಲ್ಲವೇ ಬಿಚ್ಚಲು ಹೋಗಿ ಮತ್ತೆ ಮಡಚುತ್ತದೆ. ಪಕ್ಕದ ಎಲೆಯ ವೈರ್ ಕೂಡ ಅಲುಗಿದರೆ ಅದೂ ಶುರು. ಒಂದು ಸಲ ಮುಟ್ಟಿದ್ದಕ್ಕೆ ಇಡೀ ಗಿಡ ಹತ್ತು ನಿಮಿಷ ಒದ್ದಾಡುತ್ತದೆ. ನೋಡುವವರಿಗೆ ಇದು ಬಹಳ ಜೀವಂತವಾಗಿ ಕಾಣುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಹಾಗಂತ ಬಿಟ್ಟುಬಿಡಬೇಡಿ, ಸಂಜೆಯೊಳಗೆ ಸರ್ವೋ ಸುಡುತ್ತದೆ.

ಪರೀಕ್ಷೆ ಸುಲಭ. ಎಲ್ಲರನ್ನೂ ಒಂದು ಮಾರು ದೂರ ನಿಲ್ಲಿಸಿ. ಸೆನ್ಸಾರ್ ಏನೇ ಹೇಳಿದರೂ ಸರ್ವೋ ಕೇಳದ ಹಾಗೆ ಕೋಡ್‌ನಲ್ಲಿ ಆ ಸಾಲು ತಾತ್ಕಾಲಿಕವಾಗಿ ಮುಚ್ಚಿ. ಕೀಬೋರ್ಡ್‌ನಿಂದ ಆಜ್ಞೆ ಕೊಟ್ಟು ಒಂದೇ ಎಲೆಯನ್ನು ಮಡಚಿಸಿ, ಬಿಚ್ಚಿಸಿ. ಪ್ಲಾಟರ್‌ನಲ್ಲಿ ಗೆರೆ ಎಲೆಯ ಚಲನೆಯ ಜೊತೆಗೇ ಇಳಿದು ಏರಿದರೆ ದೋಷ ಸಿಕ್ಕಿತು. ಎಲೆ ಅಲುಗುವ ಮೊದಲೇ, ಸರ್ವೋ ಗುಂಯ್ ಅಂದ ಕೂಡಲೇ ಗೆರೆ ಚೂಪಾಗಿ ಕುಣಿದರೆ ಕಾರಣ ಬೇರೆ. ಸರ್ವೋದ ಸಿಗ್ನಲ್ ವೈರ್ ಮತ್ತು ಸೆನ್ಸಾರ್ ವೈರ್ ಒಂದೇ ಕಟ್ಟಿನಲ್ಲಿ ಸಾಗುತ್ತಿವೆ. ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಒಯ್ಯಿರಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ವೈರ್ ಅಲುಗುವುದಕ್ಕೆ ಮದ್ದು ಮೊದಲು ಕೈಕೆಲಸದಲ್ಲೇ ಇದೆ. ಸೆನ್ಸಾರ್ ಬೋರ್ಡನ್ನು ಬುಡದ ಪೆಟ್ಟಿಗೆಯಿಂದ ಎತ್ತಿ ಕಾಂಡದ ತುದಿಗೆ, ಎಲೆಗಳ ಹತ್ತಿರಕ್ಕೆ ತನ್ನಿ. ಎಲೆಕ್ಟ್ರೋಡ್ ವೈರ್ ಒಂದು ಗೇಣಿಗಿಂತ ಉದ್ದ ಇರದಿದ್ದರೆ ಒಳ್ಳೆಯದು. ಬದಲಿಗೆ ಐ2ಸಿ ವೈರ್ ಉದ್ದವಾಗುತ್ತದೆ, ನಿಜ. ಒಂದು ಮೀಟರ್ ಒಳಗಿದ್ದರೆ ವೇಗವನ್ನು 100 ಕಿಲೋಹರ್ಟ್ಸ್‌ಗೆ ಇಳಿಸಿದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ. ಕಾಂಡ ಕಬ್ಬಿಣದ್ದೇ ಆಗಬೇಕಿಲ್ಲದಿದ್ದರೆ ಪಿವಿಸಿ ಅಥವಾ ಬಿದಿರು ಹಾಕಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಎಲೆ ಮಡಚುವ ಸಂದಿಯಲ್ಲಿ ಮೃದುವಾದ ಸಿಲಿಕೋನ್ ವೈರ್ ಬಳಸಿ. ಉಳಿದ ಕಡೆ ವೈರನ್ನು ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿ.

ಆಮೇಲೆ ಕೋಡ್. ಎಲೆ ಚಲಿಸುತ್ತಿರುವಾಗ ಆ ಎಲೆಯ ಸೆನ್ಸಾರ್ ಮಾತನ್ನು ಕೇಳಬಾರದು. ನಿಂತ ಮೇಲೂ ಒಂದೆರಡು ಸೆಕೆಂಡ್ ಬಿಡಬೇಕು. ನಿಜವಾದ ಮುಟ್ಟಿದರೆ ಮುನಿಯೂ ಇದೇ ಥರ ಅಲ್ವಾ? ಮುಟ್ಟಿದ ಸುದ್ದಿ ವಿದ್ಯುತ್ ಸಂಕೇತವಾಗಿ ಎಲೆಯ ಬುಡದ ಗಂಟಿಗೆ ಹೋಗುತ್ತದೆ. ಅಲ್ಲಿನ ಜೀವಕೋಶಗಳಿಂದ ಪೊಟ್ಯಾಸಿಯಂ, ಅದರ ಹಿಂದೆ ನೀರು ಹೊರಬೀಳುತ್ತದೆ, ಎಲೆ ಕುಸಿಯುತ್ತದೆ. ಮಡಚಲು ಒಂದೆರಡು ಸೆಕೆಂಡ್ ಸಾಕು. ನೀರು ಮತ್ತೆ ತುಂಬಿ ಬಿಚ್ಚಿಕೊಳ್ಳಲು ಹಲವು ನಿಮಿಷ ಬೇಕು, ಅಲ್ಲಿಯವರೆಗೆ ಮತ್ತೆ ಮುಟ್ಟಿದರೆ ಅದು ಕೇಳುವುದಿಲ್ಲ. ಜಗದೀಶ್ ಚಂದ್ರ ಬೋಸ್ ಕೋಲ್ಕತ್ತಾದಲ್ಲಿ ತಾವೇ ಮಾಡಿಸಿದ ಉಪಕರಣಗಳಿಂದ ಈ ಗಿಡದ ಪ್ರತಿಕ್ರಿಯೆ ಮತ್ತು ವಿಶ್ರಾಂತಿಯನ್ನೇ ಅಳೆದರು. ಆ ವಿಶ್ರಾಂತಿಯನ್ನು ರೋಬೋಟ್‌ಗೂ ಕೊಟ್ಟರೆ ಸುಳ್ಳು ಸ್ಪರ್ಶ ನಿಲ್ಲುತ್ತದೆ, ಗಿಡವೂ ನಂಬುವ ಹಾಗೆ ಕಾಣುತ್ತದೆ. ನಿಮಿಷಗಟ್ಟಲೆ ಕಾಯಿಸಿದರೆ ಮಾತ್ರ ನೋಡಲು ಬಂದವರು ಎದ್ದು ಹೋಗುತ್ತಾರೆ. ಎಂಟು ಹತ್ತು ಸೆಕೆಂಡ್ ಸರಿಯಾದ ಅಳತೆ ಅನ್ನುವುದು ನನ್ನ ಅಭಿಪ್ರಾಯ.

ಎಲೆ ಪೂರ್ತಿ ಬಿಚ್ಚಿದ ಮೇಲೆ ಬೇಸ್‌ಲೈನ್ ಹೊಸದಾಗಿ ಲೆಕ್ಕ ಹಾಕಿಸಬಹುದು. ಚಿಪ್‌ನೊಳಗೆ ಸೆಟ್ಟಿಂಗ್ ಬರೆದಿಡುವ ಇಸಿಆರ್ ಎಂಬ ರಿಜಿಸ್ಟರ್‌ಗೆ, ಅಂದರೆ ಹೆಕ್ಸ್ 5ಇ ಗೆ, ಸೊನ್ನೆ ಬರೆದರೆ ಸೆನ್ಸಾರ್ ನಿಲ್ಲುತ್ತದೆ. ಹಿಂದಿದ್ದ ಬೆಲೆಯನ್ನು ಮತ್ತೆ ಬರೆದರೆ ಹೊಸ ಬೇಸ್‌ಲೈನ್ ಜೊತೆ ಓಡುತ್ತದೆ. ಆ ಗಳಿಗೆಯಲ್ಲಿ ಯಾರದಾದರೂ ಕೈ ಎಲೆಯ ಮೇಲಿದ್ದರೆ ಕೈಯೇ ಬೇಸ್‌ಲೈನ್ ಆಗಿಬಿಡುತ್ತದೆ. ಹಾಗಾಗಿ ಇಳಿತ ಇಲ್ಲದೆ ಒಂದೆರಡು ಸೆಕೆಂಡ್ ಗೆರೆ ನೆಟ್ಟಗಿದ್ದರೆ ಮಾತ್ರ ಮಾಡಿಸಿ.

ಇಷ್ಟಾದ ಮೇಲೂ ಒಮ್ಮೊಮ್ಮೆ ಸುಳ್ಳು ಸ್ಪರ್ಶ ಬಂದರೆ ಕೀಟ ಹಿಡಿಯುವ ವೀನಸ್ ಫ್ಲೈಟ್ರಾಪ್ ಗಿಡದ ಉಪಾಯ ಹಿಡಿಯಿರಿ. ಅದರ ಬಲೆಯೊಳಗಿನ ಸೂಕ್ಷ್ಮ ಕೂದಲಿಗೆ ಒಂದು ಸಲ ತಾಗಿದರೆ ಬಲೆ ಮುಚ್ಚುವುದಿಲ್ಲ. ಸುಮಾರು 20 ಸೆಕೆಂಡ್ ಒಳಗೆ ಎರಡನೇ ಸಲ ತಾಗಿದರೆ ಮಾತ್ರ ಮುಚ್ಚುತ್ತದೆ. ಮಳೆಹನಿಗೆಲ್ಲ ಬಲೆ ಹಾಕಿ ಶಕ್ತಿ ಪೋಲು ಮಾಡಬಾರದಲ್ಲ. ನಿಮ್ಮ ಕೋಡ್‌ನಲ್ಲಿ ಬೆನ್ನುಬೆನ್ನಿಗೆ ಐದಾರು ಓದುವಿಕೆಯೂ ಸ್ಪರ್ಶ ಅಂದರೆ ಮಾತ್ರ ನಂಬುವ ಹಾಗೆ ಮಾಡಿ. ಕಾಲು ಸೆಕೆಂಡ್ ತಡವಾದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಅಡಾಪ್ಟರ್ ಮತ್ತು ಅರ್ತಿಂಗ್

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿಸಿದರೆ ಗೆರೆ ನೆಟ್ಟಗೆ, ಗೋಡೆಯ ಅಡಾಪ್ಟರ್‌ಗೆ ಹಾಕಿದರೆ ಕುಣಿತ. ಹೀಗಿದ್ದರೆ ಮುಂದೆ ಯೋಚನೆ ಬೇಡ, ದೋಷ ಅಡಾಪ್ಟರ್‌ನದೇ. ಎರಡು ಪಿನ್ನಿನ ಅಡಾಪ್ಟರ್‌ನ ಮೈನಸ್ ತುದಿ ಭೂಮಿಗೆ ಸೇರಿರುವುದಿಲ್ಲ. ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಚೂರು ಸೋರಿಕೆ ಬಂದು, ಇಡೀ ಸರ್ಕ್ಯೂಟ್ 50 ಹರ್ಟ್ಸ್‌ಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ಕಾಂಡದ ಲೋಹ ಸವರಿದರೆ ಬೆರಳಿಗೆ ಜುಮ್ ಅನ್ನುವುದು ಇದೇ.

ಮೂರು ಪಿನ್ನಿನ ಒಳ್ಳೆಯ ಎಸ್‌ಎಂಪಿಎಸ್ (ಡಿಸಿ ಕೊಡುವ ಪವರ್ ಸಪ್ಲೈ) ಹಾಕಿ, ಅದರ ಡಿಸಿ ಮೈನಸ್ ತುದಿಯನ್ನು ಅರ್ತ್‌ಗೆ ಸೇರಿಸಿದರೆ ಗೆರೆ ಶಾಂತವಾಗುತ್ತದೆ. ಎರಡು ಎಚ್ಚರಿಕೆ. 230 ವೋಲ್ಟ್ ಕಡೆಯ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಎಂಥ ಅವಸರದಲ್ಲೂ ನ್ಯೂಟ್ರಲ್ ಅನ್ನು ಅರ್ತ್ ಅಂತ ಬಳಸಬೇಡಿ. ಸಾಕೆಟ್‌ನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ತ್ ವೈರ್ ಇದೆ ಅಂತಲ್ಲ. ಹಳೆಯ ಸಭಾಂಗಣಗಳಲ್ಲಿ, ಶಾಮಿಯಾನದಲ್ಲಿ ಎಳೆದ ಬೋರ್ಡ್‌ಗಳಲ್ಲಿ ಅದು ಬರೀ ತೂತು. ಎಲೆಕ್ಟ್ರಿಷಿಯನ್ ಕೈಲೇ ಪರೀಕ್ಷೆ ಮಾಡಿಸಿ.

ಮುಟ್ಟಿದರೂ ಕದಲದ ಗಿಡ

ಮುಟ್ಟಬೇಡಿ ಅಂತ ಬರೆದಿದ್ದರೂ ಕೈ ಹಾಕುವ ಜನ, ಇಲ್ಲಿ "ದಯವಿಟ್ಟು ಮುಟ್ಟಿ" ಅಂದರೆ ಅನುಮಾನಿಸಿ ಬೆರಳ ತುದಿ ಮಾತ್ರ ತಾಗಿಸುತ್ತಾರೆ. ನೀವು ಮನೆಯಲ್ಲಿ ಅಂಗೈ ಇಟ್ಟು ಪರೀಕ್ಷೆ ಮಾಡಿರುತ್ತೀರಿ. ಬೆರಳ ತುದಿಗೆ ಅಳತೆ ಎಷ್ಟು ಇಳಿಯುತ್ತದೆ ಅಂತ ನೋಡಿ, ಅದರ ಅರ್ಧಕ್ಕೆ ಸ್ಪರ್ಶದ ಮಿತಿ ಇಡಿ. ಆ ಅರ್ಧ ನಾಲ್ಕಕ್ಕಿಂತ ಕಡಿಮೆ ಬಂದರೆ ಮಿತಿ ಇಳಿಸಿ ಪ್ರಯೋಜನ ಇಲ್ಲ, ಗದ್ದಲವೆಲ್ಲ ಸ್ಪರ್ಶ ಅನ್ನಿಸಿಕೊಳ್ಳುತ್ತದೆ. ತಾಮ್ರದ ಟೇಪ್ ಅಗಲ ಮಾಡಿ, ಮೇಲಿನ ಬಟ್ಟೆ ತೆಳುವಾಗಿಸಿ, ವೈರ್ ಗಿಡ್ಡ ಮಾಡಿ. ತಾಮ್ರದ ಟೇಪ್‌ನ ಅಂಟು ಕಡೆ ಎಲ್ಲ ಬ್ರ್ಯಾಂಡ್‌ನಲ್ಲೂ ಕರೆಂಟ್ ಹಾಯಿಸುವುದಿಲ್ಲ. ಎರಡು ತುಂಡು ಟೇಪ್ ಒಂದರ ಮೇಲೊಂದು ಅಂಟಿಸಿದ್ದರೆ ಅಲ್ಲಿ ಒಂದು ಚುಕ್ಕಿ ಬೆಸುಗೆ ಇರಲಿ.

ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆ, ಬಟ್ಟೆಯ ಎಲೆ ತೇವ ಹೀರಿ ಪಕ್ಕದ ಎಲೆಯ ಜೊತೆ ಸೇರಿಕೊಳ್ಳುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಮಡಚುವುದು ಇದರ ಗುರುತು. ಬಟ್ಟೆಗೆ ಅಕ್ರಿಲಿಕ್ ಲ್ಯಾಕರ್ ಸ್ಪ್ರೇ ಹೊಡೆಯಿರಿ. ಬೋರ್ಡ್ ಮೇಲೆ ಬೆಸುಗೆಯಿಂದ ಉಳಿದ ಫ್ಲಕ್ಸ್ ಕೊಳೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೆಗೆಯಿರಿ. ಆ ಕೊಳೆ ತೇವ ಹಿಡಿದು ಪಿನ್‌ಗಳ ನಡುವೆ ದಾರಿ ಮಾಡಿಕೊಡುತ್ತದೆ.

ನಡುಗುವುದು, ಅರ್ಧಕ್ಕೇ ನಿಂತು ರೀಸೆಟ್ ಆಗುವುದು

ಇದು ಕರೆಂಟ್ ಸಾಲದ ಲಕ್ಷಣ. ಎಸ್‌ಜಿ90 ಚಿಕ್ಕದಿರಬಹುದು, ಆದರೆ ತಡೆ ಸಿಕ್ಕಿ ನಿಂತರೆ ಸುಮಾರು 700 ಮಿಲಿಆಂಪ್ ಎಳೆಯುತ್ತದೆ. ಆರು ಒಟ್ಟಿಗೆ ಹೊರಟರೆ ನಾಲ್ಕು ಆಂಪ್ ಹತ್ತಿರ. ಮೊಬೈಲ್ ಚಾರ್ಜರ್‌ನಿಂದ ಅದು ಆಗದ ಮಾತು. ಇಎಸ್‌ಪಿ32 ರೀಸೆಟ್ ಆಗುತ್ತಿದ್ದರೆ ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ ಡಿಟೆಕ್ಟರ್ ಅಂತ ಸಂದೇಶ ಬರುತ್ತದೆ. ಅದನ್ನು ಕೋಡ್‌ನಿಂದ ಆಫ್ ಮಾಡುವ ಸಾಲು ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ದಯವಿಟ್ಟು ಹಾಕಬೇಡಿ. ವೋಲ್ಟೇಜ್ ಕುಸಿಯುತ್ತಿದೆ ಅಂತ ಬೋರ್ಡ್ ಕೂಗಿ ಹೇಳುತ್ತಿರುವಾಗ ಅದರ ಬಾಯಿ ಮುಚ್ಚಿಸಿದರೆ ಏನು ಬಂತು?

ಸಾಮಾನ್ಯ ಮಲ್ಟಿಮೀಟರ್ ಈ ಕ್ಷಣದ ಕುಸಿತವನ್ನು ತೋರಿಸುವಷ್ಟು ಚುರುಕಲ್ಲ. ಮಿನ್-ಮ್ಯಾಕ್ಸ್ ಬಟನ್ ಇರುವ ಮೀಟರ್ ಅಥವಾ ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಮೀಟರ್ ಮುಳ್ಳುಗಳನ್ನು ಸಪ್ಲೈ ಹತ್ತಿರ ಇಡದೆ ಸರ್ವೋದ ಹತ್ತಿರವೇ ಇಡಿ. ನಡುವಿನ ವೈರ್ ಎಷ್ಟು ತಿನ್ನುತ್ತದೆ ಅಂತ ಆಗ ಗೊತ್ತಾಗುತ್ತದೆ. 24 ಗೇಜ್ ವೈರ್‌ನ ತಡೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.084 ಓಮ್. ಎರಡು ಮೀಟರ್ ದೂರ ಅಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರ್. ಮೂರು ಆಂಪ್ ಹರಿದರೆ ಒಂದು ವೋಲ್ಟ್ ವೈರ್‌ನಲ್ಲೇ ಕರಗಿತು. 5 ವೋಲ್ಟ್ ಕಳಿಸಿದ್ದು 4 ಆಗಿ ತಲುಪುತ್ತದೆ. ದಪ್ಪ ವೈರ್ ಹಾಕಿ. ಸರ್ವೋಗಳಿಗೆ ಬೇರೆ ಸಪ್ಲೈ ಕೊಡಿ, ಗ್ರೌಂಡ್ ಮಾತ್ರ ಇಎಸ್‌ಪಿ32 ಜೊತೆ ಸೇರಿರಲಿ. ಸರ್ವೋಗಳ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಬ್ರೆಡ್‌ಬೋರ್ಡ್ ಮೂಲಕ ಸರ್ವೋ ಕರೆಂಟ್ ಹರಿಸುವ ಯೋಚನೆಯೇ ಬೇಡ.

ಖರ್ಚಿಲ್ಲದ ಇನ್ನೊಂದು ದಾರಿ, ಎಲೆಗಳನ್ನು ಒಟ್ಟಿಗೆ ಹೊರಡಿಸದೆ ಒಂದರ ನಂತರ ಒಂದು, ಹತ್ತನೇ ಒಂದು ಸೆಕೆಂಡ್ ಅಂತರದಲ್ಲಿ ಹೊರಡಿಸುವುದು. ಎಲ್ಲ ಸರ್ವೋಗಳ ಮೊದಲ ಎಳೆತ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ನಿಜವಾದ ಮುಟ್ಟಿದರೆ ಮುನಿಯಲ್ಲೂ ಪುಟ್ಟ ಎಲೆಗಳು ಜೋಡಿ ಜೋಡಿಯಾಗಿ ಸಾಲಾಗಿ ಮುದುಡುತ್ತವೆ. ಕಲೆಯ ದೃಷ್ಟಿಯಿಂದಲೂ ಇದೇ ಚೆಂದ.

ಸಪ್ಲೈ ಸರಿಯಿದ್ದೂ ಸರ್ವೋ ನಿಂತಲ್ಲೇ ಗುಂಯ್‌ಗುಡುತ್ತಿದ್ದರೆ ಅದು ತಲುಪಲಾಗದ ಕೋನಕ್ಕೆ ಎಳೆಯುತ್ತಿದೆ. ದಾರ ಕೈಯಿಂದ ಬಿಚ್ಚಿ ನೋಡಿ. ಸದ್ದು ನಿಂತರೆ ದಾರ ಬಿಗಿಯಾಗಿದೆ. ನೈಲಾನ್ ದಾರ ದಿನ ಕಳೆದಂತೆ ಹಿಗ್ಗುತ್ತದೆ, ಆಗ ಮತ್ತೆ ಬಿಗಿ ಮಾಡುವಾಗ ಅತಿ ಆಗುವುದು ಮಾಮೂಲು. ದಾರ ಬಿಚ್ಚಿದರೂ ಸದ್ದು ನಿಲ್ಲದೆ ಕಟಕಟ ಅಂದರೆ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಲೋಹದ ಹಲ್ಲಿನ ಎಂಜಿ90ಎಸ್ ಅದೇ ಜಾಗದಲ್ಲಿ ಕೂರುತ್ತದೆ.

ಯಂತ್ರದ ದೋಷವನ್ನು ಕೋಡ್‌ನಿಂದ ಸರಿಮಾಡಲು ಹೋಗಬೇಡಿ. ದೊಡ್ಡ ಕೃತಿಗಳಿಗೂ ಇದೇ ಪಾಡು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ವಾಸ್ತುಶಿಲ್ಪಿ ಎಡ್ವರ್ಡೊ ಕಟಲಾನೊ 2002ರಲ್ಲಿ ಕಟ್ಟಿಸಿದ ಫ್ಲೋರಾಲಿಸ್ ಜೆನೆರಿಕಾ ಎಂಬ 18 ಟನ್ ಲೋಹದ ಹೂವು ಬೆಳಗ್ಗೆ ಅರಳಿ ಸಂಜೆ ಮುಚ್ಚುತ್ತಿತ್ತು. ಆರು ದಳಗಳಲ್ಲಿ ಒಂದರ ಜೋಡಣೆಯಲ್ಲಿ ದೋಷವಿತ್ತು. ಹಾನಿ ಹೆಚ್ಚಾಗದಿರಲಿ ಅಂತ 2010ರಲ್ಲಿ ಚಲನೆಯನ್ನೇ ನಿಲ್ಲಿಸಬೇಕಾಯಿತು. ಮತ್ತೆ ಮುಚ್ಚಿ ತೆರೆಯತೊಡಗಿದ್ದು 2015ರಲ್ಲಿ.

ಸರ್ವೋ ಬದಲು ನಿಟಿನಾಲ್ ತಂತಿ ಇದ್ದರೆ

ಬಿಸಿಯಾದರೆ ಕುಗ್ಗುವ ಈ ತಂತಿಗೆ ಸದ್ದಿಲ್ಲ, ಅದಕ್ಕೇ ಕಲಾವಿದರಿಗೆ ಇಷ್ಟ. 2010ರ ವೆನಿಸ್ ವಾಸ್ತುಶಿಲ್ಪ ಬಿನಾಲೆ ಎಂಬ ಪ್ರದರ್ಶನದಲ್ಲಿ, ಕೆನಡಾ ಪೆವಿಲಿಯನ್‌ನಲ್ಲಿ ಫಿಲಿಪ್ ಬೀಸ್ಲಿ ತೋರಿಸಿದ ಹೈಲೋಜೋಯಿಕ್ ಗ್ರೌಂಡ್ ಎಂಬ ಕಾಡಿನಂಥ ಕೃತಿಯ ಗರಿಗಳು ಅಲುಗಿದ್ದು ಇಂಥ ತಂತಿಯಿಂದಲೇ. ಆದರೆ ಇದರ ದೋಷಗಳು ಬೇರೆ ಜಾತಿಯವು.

ಮಡಚುತ್ತದೆ, ಬಿಚ್ಚಲು ತಡ ಮಾಡುತ್ತದೆ ಅಂದರೆ ತಂತಿ ತಣ್ಣಗಾಗುತ್ತಿಲ್ಲ. ಮುಚ್ಚಿದ ಕಾಂಡದೊಳಗೆ ಗಾಳಿ ಆಡುವ ತೂತು ಬಿಡಿ. ತದ್ವಿರುದ್ಧವಾಗಿ ಎಸಿ ಗಾಳಿ ನೇರ ಬಡಿದರೆ ತಂತಿ ಬಿಸಿಯೇ ಆಗುವುದಿಲ್ಲ, ಎಲೆ ಅರ್ಧಕ್ಕೆ ನಿಲ್ಲುತ್ತದೆ. ದಿನದಿಂದ ದಿನಕ್ಕೆ ಚಲನೆ ಕಡಿಮೆಯಾಗುತ್ತಿದ್ದರೆ ಅತಿಯಾಗಿ ಕಾಯಿಸಿದ್ದೀರಿ ಅಥವಾ ಅತಿಯಾಗಿ ಎಳೆದಿದ್ದೀರಿ. ಅದು ಕುಗ್ಗುವುದು ಉದ್ದದ ಶೇಕಡ 4ರಷ್ಟು ಅಂತ ಲೆಕ್ಕ ಇಟ್ಟುಕೊಳ್ಳಿ, ಜಾಸ್ತಿ ಕೇಳಬೇಡಿ. 0.15 ಮಿಲಿಮೀಟರ್ ತಂತಿಗೆ ಮೀಟರ್‌ಗೆ ಸುಮಾರು 55 ಓಮ್. 20 ಸೆಂಟಿಮೀಟರ್ ತುಂಡು 11 ಓಮ್ ತೋರಿಸಬೇಕು. ಅದಕ್ಕೆ ಬೇಕಾದ್ದು 400 ಮಿಲಿಆಂಪ್ ಆಸುಪಾಸು. ಮೀಟರ್ 15, 20 ಓಮ್ ತೋರಿಸಿದರೆ ತುದಿಯ ಹಿಡಿತ ಸಡಿಲ. ಇದಕ್ಕೆ ಬೆಸುಗೆ ಸರಿಯಾಗಿ ಹತ್ತುವುದಿಲ್ಲ, ಬೆಸುಗೆಯ ಬಿಸಿಗೆ ತಂತಿಯ ಗುಣವೂ ಕೆಡುತ್ತದೆ. ಕ್ರಿಂಪ್ ಮಾಡಿಯೇ, ಅಂದರೆ ಲೋಹದ ಕೊಳವೆಯಲ್ಲಿ ಅದುಮಿಯೇ ಹಿಡಿಸಬೇಕು.

ಹಾಲ್‌ನಲ್ಲಿ ನೋಡಿಕೊಳ್ಳುವವರಿಗೆ ಬರೆದಿಡಿ

ನೀವು ಊಟಕ್ಕೆ ಹೋದಾಗ ಗಿಡ ಕೆಟ್ಟರೆ ಸ್ವಯಂಸೇವಕರು ಮೊದಲು ಮಾಡುವುದು ಸ್ವಿಚ್ ಆಫ್ ಮಾಡಿ ಆನ್ ಮಾಡುವುದು. ಮಾಡಲಿ. ಆದರೆ ಸೆನ್ಸಾರ್ ತನ್ನ ಮೊದಲ ಬೇಸ್‌ಲೈನ್ ಹಿಡಿಯುವುದು ಆನ್ ಆದ ಗಳಿಗೆಯಲ್ಲೇ. ಆಗ ಸುತ್ತ ಮಕ್ಕಳು ಎಲೆ ಹಿಡಿದು ನಿಂತಿದ್ದರೆ ಗಿಡ ಪೆದ್ದಾಗುತ್ತದೆ. "ಆನ್ ಮಾಡುವಾಗ ಯಾರೂ ಮುಟ್ಟಬಾರದು, ಎಲ್ಲರೂ ಒಂದು ಮಾರು ದೂರ, ಹತ್ತು ಎಣಿಸಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಜುಮ್ ಅಂದರೆ ಅಥವಾ ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಬೇಕು, ಮತ್ತೆ ಹಾಕಬಾರದು ಅನ್ನುವುದೂ ಅದರ ಕೆಳಗೇ ಇರಲಿ.

ಪೆಟ್ಟಿಗೆಯಲ್ಲಿ ಎರಡು ಸರ್ವೋ, ಒಂದು ಎಂಪಿಆರ್121 ಬೋರ್ಡ್, ಒಂದಿಷ್ಟು ನೈಲಾನ್ ದಾರ ಮತ್ತು ತಾಮ್ರದ ಟೇಪ್ ಹೆಚ್ಚುವರಿ ಇಡಿ. ಪ್ರದರ್ಶನ ಬೆಂಗಳೂರಿನಲ್ಲಾದರೆ ಇವನ್ನು ಶನಿವಾರವೇ ತಂದಿಟ್ಟುಕೊಳ್ಳಿ. ಜನ ತುಂಬುವುದು ಭಾನುವಾರ, ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಬಹುಪಾಲು ಬಾಗಿಲು ಹಾಕುವುದೂ ಭಾನುವಾರವೇ.